ಅಪಾಚೆ ಲಾಗಿನ್ ಅನ್ನು ಡೇಟಾಬೇಸ್‌ಗೆ ಜೋಡಿಸಿದಾಗ: ನನ್ನ ಅನುಭವ

ಪಾಸ್‌ವರ್ಡ್ ಫೈಲನ್ನು ಪ್ರತಿ ಸಲ ಕೈಯಾರೆ ತಿದ್ದುವ ಕೆಲಸ ತಪ್ಪಲೆಂದು, ಅಪಾಚೆ 2.4 ವೆಬ್ ಸರ್ವರ್‌ನ ಬಳಕೆದಾರರ ದೃಢೀಕರಣವನ್ನು ಮೈಎಸ್‌ಕ್ಯೂಎಲ್ ಡೇಟಾಬೇಸ್‌ಗೆ ಜೋಡಿಸಿದೆ. ಮೊದಲು ಎದುರಾದದ್ದು, ಅಪಾಚೆಯನ್ನು ಡೇಟಾಬೇಸ್‌ನೊಡನೆ ಬೆಸೆಯುವ ಡ್ರೈವರ್ ಸಿಗುತ್ತಿಲ್ಲವೆಂಬ ದೋಷ. ಉಬುಂಟುವಿನಲ್ಲಿ ಅದರ ಪ್ಯಾಕೇಜನ್ನು ಬೇರೆಯಾಗಿಯೇ ಹಾಕಿಕೊಳ್ಳಬೇಕು, ಹಾಕಿದೊಡನೆ ಸರಿಹೋಯಿತು.

ನಿಜವಾಗಿ ಕಾಡಿದ್ದು ಅನಂತರದ ತೊಂದರೆ. ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಬ್ರೌಸರ್ ಮತ್ತೆ ಮತ್ತೆ ಅದನ್ನೇ ಕೇಳುತ್ತಿತ್ತು. ಎರರ್ ಲಾಗ್‌ನಲ್ಲಿ ಎಎಚ್01617 ಎಂಬ ಸಂಖ್ಯೆಯೊಡನೆ ‘ಪಾಸ್‌ವರ್ಡ್ ಮಿಸ್‌ಮ್ಯಾಚ್’ ಎಂದಿತ್ತು. ಅಂದರೆ ಬಳಕೆದಾರನ ಹೆಸರು ಟೇಬಲ್‌ನಲ್ಲಿ ಸಿಕ್ಕಿದೆ, ಹ್ಯಾಶ್ (ಪಾಸ್‌ವರ್ಡ್‌ನ ಬದಲು ಉಳಿಸಿಡುವ, ಅದರಿಂದ ಲೆಕ್ಕಹಾಕಿ ಪಡೆದ ಅಕ್ಷರಸಾಲು) ಮಾತ್ರ ತಾಳೆಯಾಗುತ್ತಿಲ್ಲ. ಹಾಗಾಗಿ ಹೆಸರನ್ನು ಹುಡುಕುವ ಕ್ವೆರಿಯನ್ನು ಶಂಕಿಸುವುದನ್ನು ಬಿಟ್ಟು, ಟೇಬಲ್‌ನಲ್ಲಿದ್ದ ಹ್ಯಾಶ್‌ನ ಉದ್ದವನ್ನು ಲೆಂಗ್ತ್ ಫಂಕ್ಷನ್‌ನಿಂದ ಅಳೆದು ನೋಡಿದೆ: 50. ನಾನು ಬಳಸಿದ ಬಿಕ್ರಿಪ್ಟ್ ಎಂಬ ವಿಧಾನದ ಹ್ಯಾಶ್‌ಗೆ 60 ಅಕ್ಷರಗಳಿರುತ್ತವೆ. ಕಾಲಂ ಅನ್ನು ನಾನು ವಾರ್‌ಚಾರ್ 50 ಎಂದು, ಅಂದರೆ ಗರಿಷ್ಠ 50 ಅಕ್ಷರ ಹಿಡಿಸುವಂತೆ ರಚಿಸಿದ್ದೆ, ಆ ಹಳೆಯ ಡೇಟಾಬೇಸ್‌ನಲ್ಲಿ ಹಿಡಿಸದ ಮಾಹಿತಿಯನ್ನು ತಿರಸ್ಕರಿಸುವ ಸ್ಟ್ರಿಕ್ಟ್ ಮೋಡ್ ಇಲ್ಲದ್ದರಿಂದ ಕೊನೆಯ 10 ಅಕ್ಷರಗಳನ್ನು ಅದು ಬರಿಯ ಎಚ್ಚರಿಕೆಯೊಂದಿಗೆ ಕತ್ತರಿಸಿಹಾಕಿತ್ತು.

ಕಾಲಂ ಅನ್ನು 255ಕ್ಕೆ ಹಿಗ್ಗಿಸಿದ ಮಾತ್ರಕ್ಕೆ ಕಳೆದುಹೋದ ಅಕ್ಷರಗಳು ಮರಳುವುದಿಲ್ಲವಾದ್ದರಿಂದ, ಎಚ್‌ಟಿಪಾಸ್‌ವರ್ಡ್ (htpasswd) ಆಜ್ಞೆಯ ದೊಡ್ಡ ಬಿ (-B) ಆಯ್ಕೆಯಿಂದ ಪ್ರತಿಯೊಬ್ಬರ ಹ್ಯಾಶನ್ನೂ ಹೊಸದಾಗಿ ತಯಾರಿಸಿ ಸೇರಿಸಿದೆ. ಲಾಗಿನ್ ಕೂಡಲೇ ಕೆಲಸ ಮಾಡಿತು.

ಅಪಾಚೆ ಬಳಸುವ ಡೇಟಾಬೇಸ್ ಖಾತೆಗೆ ಆ ಒಂದು ಟೇಬಲ್ ಓದುವ ಅನುಮತಿಯನ್ನಷ್ಟೇ ಕೊಟ್ಟಿದ್ದೇನೆ. ನಾನು ಬಳಸಿದ ‘ಬೇಸಿಕ್’ ಎಂಬ ದೃಢೀಕರಣ ವಿಧಾನದಲ್ಲಿ ಪಾಸ್‌ವರ್ಡ್ ಗೂಢಲಿಪಿಯಾಗದೆ ಯಾರಾದರೂ ಸುಲಭವಾಗಿ ಬಿಡಿಸಬಹುದಾದ ಬೇಸ್64 ರೂಪದಲ್ಲಷ್ಟೇ ಸಾಗುವುದರಿಂದ, ಇಡೀ ತಾಣವನ್ನು, ಸಾಗುವುದೆಲ್ಲವನ್ನೂ ಗೂಢಲಿಪಿಯಾಗಿಸುವ ಎಚ್‌ಟಿಟಿಪಿಎಸ್‌ಗೆ ಸೀಮಿತಗೊಳಿಸಿದ್ದೇನೆ.