ತೊಗರಿ ಹೊಲದ ಪಂಪಿಗೆ ಲಿಥಿಯಂ ಬ್ಯಾಟರಿ: ಸಾಲಿನ ಒಂದೊಂದು ಸೆಲ್ಲನ್ನೂ ಅಳೆದು ನಾನು ಕಲಿತದ್ದು

ಮೀಟರು 12.58 ವೋಲ್ಟ್ ತೋರಿಸುತ್ತಿತ್ತು. ಮೂರು ಸೆಲ್ ಗುಂಪುಗಳನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ಜೋಡಿಸಿದ ಲಿಥಿಯಂ ಅಯಾನ್ ಪ್ಯಾಕು ಪೂರ್ತಿ ಚಾರ್ಜ್ ಆದಾಗ 12.6 ವೋಲ್ಟ್ ಇರಬೇಕು. ಆ ಲೆಕ್ಕಕ್ಕೆ ಪ್ಯಾಕಿನಲ್ಲಿ ಯಾವ ದೋಷವೂ ಇರಲಿಲ್ಲ. ಆದರೆ ಅದನ್ನು ತಂದಿದ್ದ ಬಸವನ ಬಾಗೇವಾಡಿ ಕಡೆಯ ರೈತರು, "ಚಾರ್ಜಿಗೆ ಹಚ್ಚಿದ್ರ ಒಂದ ಕಡೆ ಬಿಸಿ ಆಗ್ತದ ನೋಡ್ರಿ, ಕೈ ಇಟ್ರ ಗೊತ್ತಾಗ್ತದ" ಎಂದಿದ್ದರು. ಮೇಲಿನ ಹೊದಿಕೆಯನ್ನು ಕತ್ತರಿಸಿ ಮೂರೂ ಗುಂಪುಗಳನ್ನು ಬೇರೆಬೇರೆಯಾಗಿ ಅಳೆದಾಗ ಒಂದನೆಯದು 4.09, ಎರಡನೆಯದು 4.36, ಮೂರನೆಯದು 4.13 ವೋಲ್ಟ್ ತೋರಿಸಿತು. ಕೂಡಿದರೆ ಅದೇ 12.58. ಆ ಪ್ಯಾಕನ್ನು ಕಟ್ಟಿದವನು ನಾನೇ ಆಗಿದ್ದೆ.

ವಿಜಯಪುರದಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ತೊಗರಿಗೆ, ನಿಂಬೆಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ಬ್ಯಾಟರಿ ಪಂಪುಗಳು ಹೆಚ್ಚಾದ ಮೇಲೆ ಅವುಗಳ ದುರಸ್ತಿಯೂ ಬರತೊಡಗಿತು. ಆ ಪಂಪುಗಳೊಳಗೆ ಸಾಮಾನ್ಯವಾಗಿ 12 ವೋಲ್ಟಿನ, 8 ಆಂಪಿಯರ್-ಗಂಟೆಯ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ. 16 ಲೀಟರ್ ನೀರು ತುಂಬಿದ ಟಾಕಿಯನ್ನು ಬೆನ್ನಿಗೆ ಹಾಕಿಕೊಂಡವರಿಗೆ ಆ ಬ್ಯಾಟರಿಯ ಸುಮಾರು ಎರಡೂವರೆ ಕಿಲೋ ಭಾರವೂ ದೊಡ್ಡದೇ. ಅದರ ಜಾಗದಲ್ಲಿ 18650 ಅಳತೆಯ, ಅಂದರೆ 18 ಮಿಲಿಮೀಟರ್ ದಪ್ಪ ಮತ್ತು 65 ಮಿಲಿಮೀಟರ್ ಉದ್ದದ, ಹನ್ನೆರಡು ಲಿಥಿಯಂ ಸೆಲ್‌ಗಳನ್ನು ಹಾಕಿದರೆ ಭಾರ ಮುಕ್ಕಾಲು ಕಿಲೋ ದಾಟುವುದಿಲ್ಲ. ನಾಲ್ಕು ನಾಲ್ಕು ಸೆಲ್‌ಗಳನ್ನು ಪ್ಯಾರಲಲ್ ಮಾಡಿ, ಅಂದರೆ ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಕೂಡಿಸಿ, ಒಂದು ಗುಂಪು, ಅಂಥ ಮೂರು ಗುಂಪುಗಳು ಸೀರೀಸ್‌ನಲ್ಲಿ. ಕೆಲಸ ಸುಲಭವೆಂದುಕೊಂಡು, ಸರಿಯಾದ 12.6 ವೋಲ್ಟಿನ ಚಾರ್ಜರ್ ಕೊಟ್ಟರೆ ಸಾಕೆಂದುಕೊಂಡು, ಮೊದಲ ಕೆಲವು ಪ್ಯಾಕುಗಳನ್ನು ಯಾವ ರಕ್ಷಣಾ ಬೋರ್ಡೂ ಇಲ್ಲದೆ ಕಟ್ಟಿಕೊಟ್ಟಿದ್ದೆ.

ಆ ತಿಳಿವಳಿಕೆ ಎಲ್ಲಿ ತಪ್ಪಿತ್ತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಚಾರ್ಜರಿಗೆ ಕಾಣುವುದು ಎರಡು ತುದಿಗಳು ಮಾತ್ರ. ಮೊದಲು ಅದು ಒಂದೇ ಪ್ರಮಾಣದ ಕರೆಂಟನ್ನು ಕೊಡುತ್ತ ಹೋಗುತ್ತದೆ. ಒಟ್ಟು ವೋಲ್ಟೇಜು 12.6 ಮುಟ್ಟಿದ ಮೇಲೆ ಆ ವೋಲ್ಟೇಜನ್ನು ಹಿಡಿದು ನಿಲ್ಲಿಸಿ, ಕರೆಂಟು ತಾನಾಗಿ ಇಳಿಯಲು ಬಿಡುತ್ತದೆ. ಒಳಗಿನ ಮೂವರಲ್ಲಿ ಯಾರು ಎಷ್ಟು ತೆಗೆದುಕೊಂಡರು ಎಂಬುದು ಅದಕ್ಕೆ ತಿಳಿಯುವುದಿಲ್ಲ. ಸೀರೀಸ್‌ನಲ್ಲಿ ಮೂರೂ ಗುಂಪುಗಳಲ್ಲಿ ಹರಿಯುವ ಕರೆಂಟು ಒಂದೇ ಆದ್ದರಿಂದ, ಚಾರ್ಜಿಗೆ ಹಚ್ಚುವ ಮೊದಲೇ ಹಿಂದೆ ಬಿದ್ದ ಗುಂಪು ಕೊನೆಗೂ ಹಿಂದೆಯೇ ಉಳಿಯುತ್ತದೆ, ಅದು ಬಿಟ್ಟ ಪಾಲು ಉಳಿದವುಗಳ ಮೇಲೆ ಬೀಳುತ್ತದೆ. ನನ್ನ ಪ್ಯಾಕಿನಲ್ಲಿ ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳಿಂದ ತೆಗೆದ ಸೆಲ್‌ಗಳಿದ್ದವು. ಒಂದನೆಯ ಮತ್ತು ಮೂರನೆಯ ಗುಂಪಿನಲ್ಲಿ ಸುಮ್ಮನೆ ಇಟ್ಟಾಗಲೂ ಚಾರ್ಜ್ ಸೋರುವ ಸೆಲ್‌ಗಳು ಸೇರಿಕೊಂಡಿದ್ದವು. ಹೀಗಾಗಿ 4.36 ವೋಲ್ಟಿಗೆ ಏರಿ ಅಪಾಯದಲ್ಲಿ ನಿಂತದ್ದು ಕೆಟ್ಟ ಗುಂಪಲ್ಲ, ಮೂರರಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದ ಗುಂಪು. ಇದು ನನಗೆ ಅಂದು ಹೊಸ ವಿಷಯವಾಗಿತ್ತು.

ಸಾಮಾನ್ಯ ಲಿಥಿಯಂ ಅಯಾನ್ ಸೆಲ್ಲಿಗೆ 4.2 ವೋಲ್ಟ್ ಎಂಬ ಮಿತಿಯನ್ನು ಸುಮ್ಮನೆ ಇಟ್ಟಿಲ್ಲ. ಅದನ್ನು ಮೀರಿದಾಗ ಲಿಥಿಯಂ ಋಣಧ್ರುವದ ಗ್ರಾಫೈಟಿನ ಒಳಗೆ ಸೇರುವ ಬದಲು ಅದರ ಮೇಲೆ ಲೋಹವಾಗಿ ಕೂಡಬಹುದು, ಧನಧ್ರುವದ ವಸ್ತು ಸ್ಥಿರತೆ ಕಳೆದುಕೊಂಡು ಬಿಸಿಯಾದಾಗ ಆಮ್ಲಜನಕವನ್ನು ಬಿಡಬಹುದು. ಒಳಗಿರುವ ದ್ರಾವಕವಂತೂ ಉರಿಯುವ ಜಾತಿಯದು. ಆ ದಿನ ಎರಡನೆಯ ಗುಂಪಿಗೆ 10 ಓಮಿನ, 10 ವಾಟಿನ ರೆಸಿಸ್ಟರ್ ಹಚ್ಚಿ, ಅಂಗಡಿಯ ಹೊರಗೆ ಫರಸಿ ಕಲ್ಲಿನ ಮೇಲಿಟ್ಟು, ನಿಧಾನವಾಗಿ ಇಳಿಸಿದೆ. ಆ ಪ್ಯಾಕಿನ ಒಂದು ಸೆಲ್ಲನ್ನೂ ಮತ್ತೆ ಬಳಸಲಿಲ್ಲ. ಕೊಟ್ಟಿದ್ದ ಉಳಿದ ಪ್ಯಾಕುಗಳನ್ನೂ ಫೋನು ಮಾಡಿ ವಾಪಸು ತರಿಸಿಕೊಂಡೆ.

ಇದಾದ ಮೇಲೆ ಇನ್ನೊಂದು ತಪ್ಪು ಮಾಡಿದೆ. ಇದನ್ನು ಬೇರೆಯವರೂ ಮಾಡುವುದನ್ನು ನೋಡಿರುವುದರಿಂದ ಹೇಳಲೇಬೇಕು. ಒಂದೊಂದು ಗುಂಪನ್ನೂ ಬೇರೆಯಾಗಿಯೇ ಚಾರ್ಜ್ ಮಾಡಿದರೆ ಯಾವುದೂ 4.2 ದಾಟುವುದಿಲ್ಲವಲ್ಲ ಎಂಬ ವಿಚಾರದಿಂದ, ಒಂದು ಸೆಲ್ಲಿಗೆ ಮಾಡಿದ ಟಿಪಿ4056 ಎಂಬ ಚಿಕ್ಕ ಚಾರ್ಜಿಂಗ್ ಮಾಡ್ಯೂಲುಗಳನ್ನು ಮೂರು ತಂದು, ಮೂರಕ್ಕೂ ಒಂದೇ 5 ವೋಲ್ಟಿನ ಅಡಾಪ್ಟರಿನಿಂದ ಸಪ್ಲೈ ಕೊಟ್ಟು, ಗುಂಪಿಗೊಂದರಂತೆ ಜೋಡಿಸಿದೆ. ಎರಡನೆಯ ಮಾಡ್ಯೂಲಿನ ಮೈನಸ್ ತಂತಿ ಮುಟ್ಟಿಸಿದ ಕೂಡಲೇ ತಂತಿಯ ಹೊದಿಕೆ ಕರಗಿ, ಬೋರ್ಡಿನಿಂದ ಹೊಗೆ ಬಂತು. ಕಾರಣ ಸರಳವಾಗಿದೆ. ಒಂದೇ ಅಡಾಪ್ಟರಿನಲ್ಲಿ ಮೂರೂ ಮಾಡ್ಯೂಲುಗಳ ಮೈನಸ್ ಒಳಗೊಳಗೇ ಕೂಡಿರುತ್ತದೆ. ಸೀರೀಸ್ ಪ್ಯಾಕಿನಲ್ಲಿ ಎರಡನೆಯ ಗುಂಪಿನ ಮೈನಸ್ ಎಂದರೆ ಒಂದನೆಯ ಗುಂಪಿನ ಪ್ಲಸ್. ಅಲ್ಲಿಗೆ ಒಂದನೆಯ ಗುಂಪಿನ ಪ್ಲಸ್ ಮತ್ತು ಮೈನಸ್ ನೇರವಾಗಿ ಶಾರ್ಟ್ ಆದಂತಾಯಿತು. ಈ ಬಗೆಯಲ್ಲಿ ಚಾರ್ಜ್ ಮಾಡುವುದಾದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ಅಡಾಪ್ಟರುಗಳು ಬೇಕು. ಈಗಲೂ ಹಿಂದೆ ಬಿದ್ದ ಒಂದು ಗುಂಪನ್ನು ಮೇಲೆತ್ತಬೇಕಾದಾಗ ಒಂದೇ ಮಾಡ್ಯೂಲು, ಒಂದೇ ಅಡಾಪ್ಟರು, ಒಂದು ಸಲಕ್ಕೆ ಒಂದೇ ಗುಂಪು ಎಂದು ಇಟ್ಟುಕೊಂಡಿದ್ದೇನೆ.

ಈಗ ನಾನು ಮಾಡುವ ಕ್ರಮದಲ್ಲಿ ಅರ್ಧದಷ್ಟು ಕೆಲಸ ಸೆಲ್ ಆರಿಸುವುದರಲ್ಲೇ ಮುಗಿಯುತ್ತದೆ. ಒಂದೇ ಮಾದರಿಯ, ಒಂದೇ ಲಾಟಿನ ಹೊಸ ಸೆಲ್‌ಗಳನ್ನೇ ತರುತ್ತೇನೆ; ನನ್ನ ಪ್ಯಾಕುಗಳಲ್ಲಿ ಒಂದೊಂದು ಸೆಲ್ಲು 2600 ಮಿಲಿಆಂಪಿಯರ್-ಗಂಟೆಯದು. ಪ್ರತಿಯೊಂದನ್ನೂ 4.20 ವೋಲ್ಟಿಗೆ ತುಂಬಿಸಿ, ಟೆಸ್ಟರಿನಲ್ಲಿ ಖಾಲಿ ಮಾಡಿ ನಿಜವಾದ ಸಾಮರ್ಥ್ಯವನ್ನು ಬರೆದುಕೊಳ್ಳುತ್ತೇನೆ. ಒಳಗಿನ ರೆಸಿಸ್ಟೆನ್ಸನ್ನೂ ಅಳೆದು, ಉಳಿದವುಗಳಿಗಿಂತ ದೂರ ನಿಂತದ್ದನ್ನು ಬೇರೆ ಇಡುತ್ತೇನೆ. ಆಮೇಲೆ ಮತ್ತೆ 4.20ಕ್ಕೆ ತುಂಬಿಸಿ ಹದಿನೈದು ದಿನ ಮುಟ್ಟದೆ ಬಿಡುತ್ತೇನೆ. ಈ ಹದಿನೈದು ದಿನಗಳನ್ನು ಉಳಿಸಲು ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಸೋರುವ ಸೆಲ್ಲು ಸಿಕ್ಕಿಬೀಳುವುದು ಇಲ್ಲಿ ಮಾತ್ರ. ಜೊತೆಯವುಗಳಿಗಿಂತ 20 ಮಿಲಿವೋಲ್ಟ್ ಹೆಚ್ಚು ಇಳಿದ ಸೆಲ್ಲನ್ನು ಸೀರೀಸ್ ಪ್ಯಾಕಿಗೆ ಹಾಕುವುದಿಲ್ಲ. ಉಳಿದವುಗಳಿಂದ ಟೆಸ್ಟರಿನಲ್ಲಿ ಲೆಕ್ಕ ಹಾಕಿ ಸರಿಸಮವಾಗಿ 1000 ಮಿಲಿಆಂಪಿಯರ್-ಗಂಟೆ ತೆಗೆದು, ಆ ಮೇಲೆ ಕಟ್ಟುತ್ತೇನೆ. ಎಲ್ಲವನ್ನೂ 3.7 ವೋಲ್ಟಿಗೆ ತಂದು ಸಮವಾಯಿತೆಂದು ತಿಳಿಯುವವರಿದ್ದಾರೆ. ಆದರೆ ಆ ಮಟ್ಟದಲ್ಲಿ ಚಾರ್ಜ್ ಸಾಕಷ್ಟು ಬದಲಾದರೂ ವೋಲ್ಟೇಜು ಬಹಳ ಕಡಿಮೆ ಬದಲಾಗುವುದರಿಂದ, ಮೀಟರಿನಲ್ಲಿ ಒಂದೇ ಅಂಕಿ ಕಂಡರೂ ಒಳಗೆ ವ್ಯತ್ಯಾಸ ಉಳಿದಿರುತ್ತದೆ.

ಜೋಡಿಸುವಾಗ ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡ್ ಮಾಡುತ್ತೇನೆ, ಸೆಲ್ಲಿನ ಮೇಲೆ ನೇರವಾಗಿ ಸೋಲ್ಡರಿಂಗ್ ಮಾಡುವುದಿಲ್ಲ. ಪ್ಲಸ್ ತುದಿಗೆ ಕರೆಂಟು ಹರಿಯಗೊಡದ ಬಾರ್ಲಿ ಪೇಪರಿನ ಬಳೆ ಹಾಕುತ್ತೇನೆ. ಪ್ಲಸ್ಸಿನ ಸುತ್ತಲಿನ ಅಂಚು ಮೈನಸ್ಸೇ ಆಗಿದ್ದು, ನಡುವೆ ಒಂದೆರಡು ಮಿಲಿಮೀಟರ್ ಅಂತರ ಮಾತ್ರ ಇರುತ್ತದೆ.

ಬಿಎಂಎಸ್, ಅಂದರೆ ಪ್ಯಾಕನ್ನು ಕಾಯುವ ರಕ್ಷಣಾ ಬೋರ್ಡು, ಕೊಳ್ಳುವಾಗ ಗುಂಪುಗಳನ್ನು ಸರಿದೂಗಿಸುವ ಬ್ಯಾಲೆನ್ಸ್ ಇರುವುದನ್ನೇ ಕೇಳಿ ತರುತ್ತೇನೆ. ಅಗ್ಗದ ಬೋರ್ಡುಗಳಲ್ಲಿ ಹಲವು, ಯಾವುದೋ ಒಂದು ಗುಂಪು 4.25 ವೋಲ್ಟಿನ ಆಸುಪಾಸಿಗೆ ಏರಿದಾಗ ಚಾರ್ಜ್ ಕಡಿಯುತ್ತವೆಯೇ ಹೊರತು ಗುಂಪುಗಳನ್ನು ಸರಿದೂಗಿಸುವುದಿಲ್ಲ. ಗುಂಪುಗಳ ತುದಿಗಳಿಂದ ಬೋರ್ಡಿಗೆ ಹೋಗುವ ಬ್ಯಾಲೆನ್ಸ್ ತಂತಿಗಳನ್ನು ಜೋಡಿಸುವ ಹೊತ್ತಿನಲ್ಲಿ ಅಂಗಡಿಯಲ್ಲಿ ಯಾರೊಂದಿಗೂ ಮಾತನಾಡುವುದಿಲ್ಲ. ನಾಲ್ಕು ತಂತಿಗಳನ್ನೂ ಪ್ಯಾಕಿಗೆ ಹಚ್ಚಿ, ಕನೆಕ್ಟರನ್ನು ಬೋರ್ಡಿಗೆ ಸಿಕ್ಕಿಸುವ ಮೊದಲು, ಮೀಟರಿನ ಕಪ್ಪು ಕಡ್ಡಿಯನ್ನು ಮೊದಲ ಪಿನ್ನಿಗೆ ಹಿಡಿದು ಕೆಂಪನ್ನು ಒಂದೊಂದಾಗಿ ಮುಟ್ಟಿಸುತ್ತೇನೆ. 3.8, 7.6, 11.4 ಎಂದು ಮೆಟ್ಟಿಲಿನಂತೆ ಏರಬೇಕು. ಮೆಟ್ಟಿಲು ತಪ್ಪಿದ್ದರೆ ಕನೆಕ್ಟರು ಸಿಕ್ಕಿಸಿದ ಗಳಿಗೆಯಲ್ಲೇ ಬೋರ್ಡು ಹೋಗುತ್ತದೆ. ಕೆಲವೊಮ್ಮೆ ಹೋದದ್ದು ಗೊತ್ತೇ ಆಗುವುದಿಲ್ಲ, ಅದು ಇನ್ನೂ ಕೆಟ್ಟದ್ದು.

ಬ್ಯಾಲೆನ್ಸ್ ಬೋರ್ಡಿನಿಂದ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ನನ್ನಲ್ಲಿರುವ ಬೋರ್ಡು 4.2 ಮುಟ್ಟಿದ ಗುಂಪಿನ ಪಕ್ಕದಲ್ಲಿ ಒಂದು ರೆಸಿಸ್ಟರನ್ನು ತೆರೆದು ಸುಮಾರು 60 ಮಿಲಿಆಂಪಿಯರ್ ಸುಡುತ್ತದೆ. ನಾಲ್ಕು ಸೆಲ್‌ಗಳ ಗುಂಪಿನ ಸಾಮರ್ಥ್ಯ 10.4 ಆಂಪಿಯರ್-ಗಂಟೆ, ಅದರಲ್ಲಿ ಶೇಕಡಾ 3ರಷ್ಟು ವ್ಯತ್ಯಾಸವಿದ್ದರೆ 312 ಮಿಲಿಆಂಪಿಯರ್-ಗಂಟೆ, ಅದನ್ನು ಸರಿದೂಗಿಸಲು ಐದು ಗಂಟೆಗಿಂತ ಹೆಚ್ಚು ಹೊತ್ತು ಬೇಕು. ಅಂದರೆ ಈ ಬೋರ್ಡು ಸಣ್ಣಪುಟ್ಟ ಏರುಪೇರನ್ನು ತಿಂಗಳುಗಟ್ಟಲೆ ಸರಿಯಾಗಿ ಇಟ್ಟುಕೊಳ್ಳುತ್ತದೆ. ದಿನದಿನವೂ ಸೋರುವ ಸೆಲ್ಲನ್ನು ಅದು ಕಾಪಾಡಲಾರದು. ಹೀಗಾಗಿಯೇ ಹೊಸ ಪ್ಯಾಕಿನ ಮೊದಲ ಚಾರ್ಜನ್ನು ನಾನೇ ಕುಳಿತು ಮಾಡುತ್ತೇನೆ. 2 ಆಂಪಿಯರಿನ ಚಾರ್ಜರು ಹಚ್ಚಿ, ಹೊರಗಿನ ಕಲ್ಲಿನ ಮೇಲಿಟ್ಟು, ಮೂರೂ ಗುಂಪುಗಳನ್ನು ಕಾಲು ಗಂಟೆಗೊಮ್ಮೆ ಅಳೆದು ವಹಿಯಲ್ಲಿ ಬರೆಯುತ್ತೇನೆ. 4.10 ದಾಟುವವರೆಗೆ ಮೂರೂ ಜೊತೆಯಾಗಿಯೇ ಸಾಗುತ್ತವೆ. ಯಾವುದಾದರೂ ಮುಂದೆ ಓಡುವುದಿದ್ದರೆ ಅದು ಕಾಣುವುದು ಆಮೇಲೆ. ಕೊನೆಯಲ್ಲಿ ಕರೆಂಟು 2 ಆಂಪಿಯರಿನಿಂದ ಇಳಿಯುತ್ತ ಅರ್ಧ ಆಂಪಿಯರಿನ ಕೆಳಗೆ ಬಂದಾಗ ಪ್ಯಾಕು ತುಂಬಿತೆಂದು ಲೆಕ್ಕ. ಎರಡು ಮೂರು ಗಂಟೆ ಹಿಡಿಯುವ ಕೆಲಸವಿದು.

ಚಾರ್ಜರಿನ ವಿಷಯದಲ್ಲಿ ಚೀಟಿಯನ್ನು ನಂಬುವುದನ್ನು ಬಿಟ್ಟಿದ್ದೇನೆ. 12.6 ಎಂದು ಮುದ್ರಿಸಿದ ಪೆಟ್ಟಿಗೆಯಿಂದ 13 ವೋಲ್ಟ್ ಮೀರಿ ಬಂದದ್ದನ್ನು ಕಂಡಿದ್ದೇನೆ. ಪ್ರತಿ ಚಾರ್ಜರನ್ನೂ ಲೋಡಿಲ್ಲದೆ ಅಳೆದು, 12.65 ದಾಟಿದ್ದನ್ನು ಹಿಂದಿರುಗಿಸುತ್ತೇನೆ. ಇದಕ್ಕಿಂತ ದೊಡ್ಡ ಅಪಾಯ ರೈತರ ಮನೆಯಲ್ಲೇ ಇರುವ ಹಳೆಯ ಲೆಡ್ ಆಸಿಡ್ ಚಾರ್ಜರು. ಅದರ ಪಿನ್ನು ಇದಕ್ಕೂ ಕೂಡುತ್ತದೆ, ಅದು 14.4 ವೋಲ್ಟಿನವರೆಗೂ ಹೋಗುತ್ತದೆ. ಮೂರರಿಂದ ಭಾಗಿಸಿದರೆ ಸೆಲ್ಲಿಗೆ 4.8 ವೋಲ್ಟ್. ಬಿಎಂಎಸ್ ಕಡಿಯುತ್ತದೆಯಲ್ಲ ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೇ: ಬಿಎಂಎಸ್ ಕೊನೆಯ ಗೋಡೆ, ದಿನಾಲೂ ಅದರ ಮೇಲೆ ಭಾರ ಹಾಕಬಾರದು, ಅದರೊಳಗಿನ ಮಾಸ್‌ಫೆಟ್, ಅಂದರೆ ಕರೆಂಟು ಕಡಿಯುವ ಸ್ವಿಚ್ಚು, ಶಾರ್ಟ್ ಆಗಿ ಕೆಟ್ಟರೆ ತಡೆಯುವುದು ಏನೂ ಉಳಿಯುವುದಿಲ್ಲ. ಆದ್ದರಿಂದ ಪಂಪಿನ ಹಳೆಯ ಚಾರ್ಜಿಂಗ್ ಸಾಕೆಟ್ಟನ್ನೇ ತೆಗೆದು, ತಿರುಗಿಸಿ ಕೂಡಿಸುವ ಬೇರೆ ಬಗೆಯ ಕನೆಕ್ಟರು ಹಾಕುತ್ತೇನೆ. ಹಳೆಯ ಚಾರ್ಜರನ್ನು ಬಿಡಲೊಲ್ಲದವರಿಗೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳನ್ನು ಹಾಕಿಸಿಕೊಳ್ಳಲು ಹೇಳುತ್ತೇನೆ. ಅವುಗಳ ಪೂರ್ಣ ಚಾರ್ಜು 3.65 ವೋಲ್ಟ್, ನಾಲ್ಕು ಸಾಲಾಗಿ ಹಾಕಿದರೆ 14.6. ಅವುಗಳ ರಸಾಯನವೂ ಬಿಸಿಯನ್ನು ಹೆಚ್ಚು ತಾಳುತ್ತದೆ. ಅವಕ್ಕೂ ಬಿಎಂಎಸ್ ಬೇಕೇ ಬೇಕು, ಅದೂ ಆ ಜಾತಿಯ ಸೆಲ್ಲಿನದೇ ಆಗಿರಬೇಕು.

ನಮ್ಮ ಜಿಲ್ಲೆಯ ಬಿಸಿಲಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಲಿಥಿಯಂ ಅಯಾನ್ ಸೆಲ್ಲನ್ನು 45 ಡಿಗ್ರಿಗಿಂತ ಬಿಸಿಯಿದ್ದಾಗ ಚಾರ್ಜ್ ಮಾಡಬಾರದು. ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುವ ಊರಿನಲ್ಲಿ, ತಗಡಿನ ಶೆಡ್ಡಿನೊಳಗೆ, ಆಗತಾನೆ ಹೊಲದಿಂದ ಬಂದ ಪಂಪನ್ನು ಚಾರ್ಜಿಗೆ ಹಚ್ಚಿದರೆ ಆ ಮಿತಿ ಮೊದಲೇ ಮೀರಿರುತ್ತದೆ. ಹೀಗಾಗಿ ಪ್ರತಿ ಪ್ಯಾಕಿನ ನಡುವಿನ ಗುಂಪಿಗೆ ಅಂಟಿಸಿ, 45 ಡಿಗ್ರಿಗೆ ತೆರೆದುಕೊಳ್ಳುವ ಚಿಕ್ಕ ಥರ್ಮಲ್ ಸ್ವಿಚ್ಚೊಂದನ್ನು ಚಾರ್ಜಿಂಗ್ ತಂತಿಯ ದಾರಿಯಲ್ಲಿ ಹಾಕುತ್ತೇನೆ. ಹೊಲದಿಂದ ಬಂದ ಮೇಲೆ ಒಂದೆರಡು ತಾಸು ತಣ್ಣಗಾಗಲು ಬಿಡಿ, ನಸುಕಿನಲ್ಲೆದ್ದು ಹಚ್ಚಿ, ಮಲಗುವ ಕೋಣೆಯಲ್ಲಿ, ಹೊಟ್ಟಿನ ಚೀಲಗಳ ಹತ್ತಿರ, ಹೊರಬಾಗಿಲಿನ ದಾರಿಯಲ್ಲಿ ಎಂದೂ ಇಡಬೇಡಿ ಎಂದು ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತೇನೆ. ರಾತ್ರಿ ಹಚ್ಚಿ ಮಲಗುವ ರೂಢಿ ನಮ್ಮಲ್ಲಿ ಬಹಳ. ಇದೊಂದನ್ನು ಬಿಡಿಸಲು ನಾನು ಪಟ್ಟಷ್ಟು ಶ್ರಮವನ್ನು ಬೇರೆ ಯಾವುದಕ್ಕೂ ಪಟ್ಟಿಲ್ಲ.

ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದ ಪ್ಯಾಕುಗಳೂ ಬರುತ್ತವೆ. ಯಾವುದಾದರೂ ಗುಂಪು 2 ವೋಲ್ಟಿನ ಕೆಳಗೆ ಬಿದ್ದಿದ್ದರೆ ಅದಕ್ಕೆ ಚಾರ್ಜ್ ಹಚ್ಚುವುದಿಲ್ಲ. ಅಷ್ಟು ಇಳಿದಾಗ ಒಳಗಿನ ತಾಮ್ರದ ಹಾಳೆ ಕರಗಿ, ಮತ್ತೆ ಚಾರ್ಜ್ ಮಾಡುವಾಗ ಒಳಗೇ ಶಾರ್ಟ್ ಆಗುವ ಸಂಭವವಿರುತ್ತದೆ. "ಅಣ್ಣಾರ, ಒಂದ ಸಲ ಎಬ್ಬಿಸಿ ನೋಡ್ರಿ" ಎಂದು ಕೇಳಿಕೊಂಡರೂ ಒಪ್ಪುವುದಿಲ್ಲ. ಅಂಥ ಸೆಲ್‌ಗಳ ತುದಿಗಳಿಗೆ ಟೇಪು ಸುತ್ತಿ, ಮರಳು ತುಂಬಿದ ಡಬ್ಬಿಯಲ್ಲಿಟ್ಟು, ಹಳೆಯ ಬ್ಯಾಟರಿ ಸಂಗ್ರಹಿಸುವವರಿಗೆ ಕೊಡುತ್ತೇನೆ. ಹಂಗಾಮು ಮುಗಿದ ಮೇಲೆ ಪಂಪು ಎತ್ತಿಡುವವರಿಗೆ ಪ್ಯಾಕನ್ನು ಪೂರ್ತಿ ತುಂಬಿಸಿಯೂ ಇಡಬೇಡಿ, ಖಾಲಿ ಮಾಡಿಯೂ ಇಡಬೇಡಿ, ಅರ್ಧದಷ್ಟು, ಅಂದರೆ ಒಟ್ಟು 11.4 ವೋಲ್ಟಿನ ಸುತ್ತಮುತ್ತ ಇಟ್ಟು ತಂಪಾದ ಜಾಗದಲ್ಲಿಡಿ ಎನ್ನುತ್ತೇನೆ.

ಈಗ ಕೊಡುವ ಪ್ರತಿ ಪ್ಯಾಕಿನ ಮೇಲೆ ತಾರೀಖು ಮತ್ತು ಮೂರು ಗುಂಪುಗಳ ಅಂಕಿಗಳನ್ನು ಮಾರ್ಕರಿನಿಂದ ಬರೆಯುತ್ತೇನೆ. ತೊಗರಿ ಹೂ ಬಿಡುವ ಮೊದಲು ಒಮ್ಮೆ ತಂದು ತೋರಿಸಿಕೊಂಡು ಹೋಗಲು ಹೇಳಿರುತ್ತೇನೆ, ಅದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ಮೊದಲು ಹೇಳಿದ ಬಾಗೇವಾಡಿ ಕಡೆಯ ರೈತರಿಗೆ ಕಟ್ಟಿಕೊಟ್ಟ ಹೊಸ ಪ್ಯಾಕು ಹೋದ ವಾರ ಹಾಗೆಯೇ ಬಂದಿದೆ. ಪ್ಯಾಕಿನ ಮೇಲೆ ಬರೆದದ್ದು 4.19, 4.19, 4.18. ಪೂರ್ತಿ ತುಂಬಿಸಿ ಅಳೆದಾಗ ಬಂದದ್ದು 4.19, 4.16, 4.19. ಎರಡನೆಯ ಗುಂಪು 30 ಮಿಲಿವೋಲ್ಟ್ ಕೆಳಗಿದೆ. ಅವರಿಗೆ ಸದ್ಯಕ್ಕೆ ಬೇರೊಂದು ಪ್ಯಾಕು ಕೊಟ್ಟು, ಇದನ್ನು ಇಲ್ಲಿಯೇ ಉಳಿಸಿಕೊಂಡಿದ್ದೇನೆ. ಹದಿನೈದು ದಿನ ಬಿಟ್ಟು ಮತ್ತೆ ಅಳೆಯಬೇಕು.