ರಾತ್ರಿ ಸ್ಪ್ರಿಂಕ್ಲರ್ ಜೆಟ್ ಜಾಗ ಬದಲಿಸಲು ಏಳುವವರಿಗೆ

ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ಹೂವಿಗೆ ನೀರು ಹೊಡೆಯೋರು ಅಲಾರಂಗೆ ಹಾಡು ಇಡಬೇಡಿ. ಮನೆಯವರ ಕೈಲಿ ನಿಮ್ಮ ಹೆಸರು ಕೂಗಿಸಿ, ರೆಕಾರ್ಡ್ ಮಾಡಿ ಅದನ್ನೇ ಟೋನ್ ಇಟ್ಕೊಳ್ಳಿ: 2 ಸಲ ಹೆಸರು, 5 ಸೆಕೆಂಡ್ ಬಿಡುವು, ಮತ್ತೆ ಹೆಸರು. ನಿದ್ದೆಯಲ್ಲೂ ಕಿವಿ ಮುಚ್ಚಿರಲ್ಲ, ಮಿದುಳು ಶಬ್ದ ಸೋಸ್ತಾ ಇರುತ್ತೆ. 1960ರಲ್ಲೇ ಮಲಗಿದವರ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ತೆಗೆದು ನೋಡಿದ್ದಾರೆ, ಬೇರೆ ಹೆಸರುಗಳಿಗಿಂತ ಸ್ವಂತ ಹೆಸರಿಗೆ ಅಲೆಗಳು ಜಾಸ್ತಿ ಎದ್ದಿದ್ದವು. ಮಲಗಿದ ಮೊದಲ ಒಂದೂವರೆ ಗಂಟೆಯ ಗಾಢ ನಿದ್ದೆಯಲ್ಲಿ, ಕುಡಿದು ಮಲಗಿದ್ರೆ, ನಿದ್ದೆಮಾತ್ರೆ ತಗೊಂಡಿದ್ರೆ ಇದನ್ನ ನಂಬ್ಕೋಬೇಡಿ. ಶೀಟಿನ ಮೇಲೆ ಮಳೆ ಹೊಡೀತಿದ್ರೂ ಕೇಳಲ್ಲ (ಆಗ ಜೆಟ್ಟೂ ಬೇಡ ಬಿಡಿ). ಎದ್ದ ತಕ್ಷಣ ಪಂಪಿನ ಸ್ಟಾರ್ಟರ್ ಮುಟ್ಟಬೇಡಿ, ಮಂಪರು ಇಳಿಯೋಕೆ 15-20 ನಿಮಿಷ ಬೇಕು.