ಬಂಗಾರ ನುಂಗುವ ಇಂಗಳೀಕ: ಒಬ್ಬ ರಸವಾದಿ ಖಳನನ್ನು ರೂಪಿಸಿದ ಬಗೆ

ರಸವಾದಿಯನ್ನು ಕಾಮಿಕ್ಸ್‌ನ ಖಳನಾಯಕನನ್ನಾಗಿ ಮಾಡಹೊರಟವರಿಗೆ ಎದುರಾಗುವ ದೊಡ್ಡ ತೊಡಕು ಅವನ ಶಕ್ತಿಯೇ. ಪರುಷಮಣಿ ಕೈಗೆ ಸಿಕ್ಕವನು ಕಬ್ಬಿಣವನ್ನು ಚಿನ್ನವಾಗಿಸಬಲ್ಲ, ಗಾಳಿಯನ್ನು ವಿಷವಾಗಿಸಬಲ್ಲ, ಕಾಲಕೆಳಗಿನ ನೆಲವನ್ನು ನೀರಾಗಿಸಬಲ್ಲ ಎಂದಾದ ಮೇಲೆ ಅವನನ್ನು ಎದುರಿಸಲು ಬಂದವರು ಎರಡನೆಯ ಪುಟದವರೆಗೆ ಬದುಕಿರುವುದೇ ಅಸಹಜವಾಗಿ ಕಾಣುತ್ತದೆ. ಅಮೆರಿಕದ ಕಾಮಿಕ್ಸ್‌ನಲ್ಲಿ ಫ್ಲ್ಯಾಶ್‌ನ ವೈರಿಯಾಗಿ 1958ರಲ್ಲಿ ಕಾಣಿಸಿಕೊಂಡ ಡಾಕ್ಟರ್ ಆಲ್ಕೆಮಿಯ ಕೈಯಲ್ಲಿಯೂ ಇಂಥದೇ ಕಲ್ಲಿದೆ. ಆದರೆ ಅಲ್ಲಿ ಎದುರಾಳಿ ಕಣ್ಣಿಗೆ ಕಾಣದಷ್ಟು ವೇಗವಾಗಿ ಓಡಬಲ್ಲವನಾದ್ದರಿಂದ ತಕ್ಕಡಿ ಹೇಗೋ ಸರಿತೂಗುತ್ತದೆ. ನನ್ನ ಕಥೆಯ ನಾಯಕಿ ನೀಲವ್ವ ಬಾಗಲಕೋಟೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟುಕೊಂಡು ಕಬ್ಬಿನ ಟ್ರೇಲರ್‌ಗಳನ್ನು ದುರಸ್ತಿ ಮಾಡುವವಳು. ಅವಳೆದುರಿಗೆ ಸರ್ವಶಕ್ತನನ್ನು ತಂದು ನಿಲ್ಲಿಸುವಂತಿರಲಿಲ್ಲ. ಆದ್ದರಿಂದ ಚಿತ್ರ ಬರೆಯುವುದಕ್ಕೆ ಮೊದಲೇ ಒಂದು ಕಟ್ಟಳೆ ಮಾಡಿಕೊಂಡೆ: ಖಳನ ಕೈಯಲ್ಲಿ ಪಾದರಸವೊಂದೇ ಇರಬೇಕು, ಪಾದರಸ ನಿಜವಾಗಿ ಮಾಡುವುದನ್ನು ಅವನು ನೂರುಪಟ್ಟು ಹಿಗ್ಗಿಸಿ ಮಾಡಬಹುದು, ಆದರೆ ಅದು ಮಾಡದ ಕೆಲಸವನ್ನು ಅವನೂ ಮಾಡಲಾರ.

ಈ ಕಟ್ಟಳೆಯಿಂದ ಕಥೆ ಹುಟ್ಟಿದ್ದು ಹಳೆಯ ಬಾಗಲಕೋಟೆಯಲ್ಲಿ ಬಂಗಾರದ ಕೆಲಸ ಮಾಡುವ, ನಾನು ಚಿಕ್ಕಂದಿನಿಂದ ಕಾಕಾ ಎಂದೇ ಕರೆಯುವ ಪತ್ತಾರರೊಬ್ಬರ ಅಂಗಡಿಯಲ್ಲಿ. ಪಾದರಸದ ಬಗ್ಗೆ ಕೇಳಬೇಕು ಎಂದಾಗ ಅವರು ನನ್ನ ಮುಖ ನೋಡಲಿಲ್ಲ, ಬೆರಳು ನೋಡಿದರು. "ಮೊದಲ ಆ ಉಂಗುರ ತಗದು ಕಿಸೆದಾಗ ಇಡು. ಒಂದ ಹನಿ ತಾಗಿತಂದ್ರ ಬೆಳ್ಳಗ ಆಕೈತಿ, ಆಮ್ಯಾಲ ಎಷ್ಟ ತಿಕ್ಕಿದ್ರೂ ಹೋಗೂದಿಲ್ಲ" ಎಂದರು. ಬಳಿಕ ಗುಲಗಂಜಿಯಷ್ಟೂ ತೂಗದ ಬಂಗಾರದ ಚೂರೊಂದನ್ನು ಚಿಮ್ಮಟದಲ್ಲಿ ಹಿಡಿದು, ಗಾಜಿನ ಬಟ್ಟಲಿನ ತಳದಲ್ಲಿದ್ದ ಪಾದರಸದ ಹನಿಗೆ ಅದರ ತುದಿಯನ್ನು ತಾಗಿಸಿದರು. ಹಳದಿಯ ಮೇಲೆ ಬಿಳುಪು ಏರತೊಡಗಿತು. ಸ್ವಲ್ಪ ಹೊತ್ತಿನ ಮೇಲೆ ಅದೇ ಚೂರನ್ನು ಬಾಗಿಸಿದಾಗ, ಬಂಗಾರ ಬಾಗುವಂತೆ ಬಾಗದೆ ಪಟ್ಟನೆ ಮುರಿಯಿತು. ಹಿಂದಿನ ಕಾಲದಲ್ಲಿ ತಾಮ್ರದ ಕಳಸಗಳಿಗೆ ಬಂಗಾರದ ಮುಲಾಮು ಹಾಕುತ್ತಿದ್ದುದು ಇದೇ ಗುಣದಿಂದ ಎಂದು ಅವರು ವಿವರಿಸಿದರು: ಬಂಗಾರವನ್ನು ಪಾದರಸದಲ್ಲಿ ಕರಗಿಸಿ ಲೇಪವಾಗಿ ಬಳಿದು ಕಾಯಿಸಿದರೆ ಪಾದರಸ ಹಾರಿಹೋಗಿ ಬಂಗಾರ ಮಾತ್ರ ಉಳಿಯುತ್ತದೆ.

ಶತಮಾನಗಳ ಕಾಲ ರಸವಾದಿಗಳು ಪಾದರಸದಿಂದ ಬಂಗಾರ ಮಾಡುವ ಕನಸು ಕಂಡರು. ನನ್ನ ಕಣ್ಣೆದುರಿಗೆ ಪಾದರಸ ಬಂಗಾರವನ್ನು ನುಂಗುತ್ತಿತ್ತು. ಖಳನ ಅಪರಾಧ ಅಲ್ಲಿಯೇ ನಿಶ್ಚಯವಾಯಿತು. ಅವನು ಬಂಗಾರ ತಯಾರಿಸುವುದಿಲ್ಲ. ಊರಿನ ತಿಜೋರಿಗಳಿಗೆ, ಮದುವೆ ಮನೆಗಳ ಪೆಟ್ಟಿಗೆಗಳಿಗೆ ಪಾದರಸವನ್ನು ಹಾವಿನಂತೆ ಹರಿಯಬಿಟ್ಟು, ಬಂಗಾರವನ್ನು ಅದರೊಳಗೆ ಕರಗಿಸಿಕೊಂಡು, ಗೂಡಿಗೆ ತಂದು ಕಾಯಿಸಿ ಬೇರ್ಪಡಿಸುತ್ತಾನೆ. ಮೊದಲ ಪುಟದಲ್ಲಿ ಬೆಳಗಾಗೆದ್ದ ಹೆಣ್ಣುಮಗಳೊಬ್ಬಳು ಕನ್ನಡಿಯೆದುರು ಕುಳಿತಾಗ ಅವಳ ಬೋರಮಾಳದ ಗುಂಡುಗಳು ಬೆಳ್ಳಗಾಗಿ ಒಂದೊಂದಾಗಿ ಒಡೆದು ಮಡಿಲಿಗೆ ಬೀಳುತ್ತವೆ. ಸ್ಫೋಟವಿಲ್ಲ, ಕೂಗಾಟವಿಲ್ಲ. ಓದಿದ ಹೆಂಗಸರು ಮಿಕ್ಕೆಲ್ಲ ಹೊಡೆದಾಟಕ್ಕಿಂತ ಇದಕ್ಕೇ ಹೆಚ್ಚು ಬೆದರಿದರು ಎಂಬುದು ನನ್ನ ಗಮನಕ್ಕೆ ಬಂದಿದೆ.

ಅಪರಾಧ ಸಿಕ್ಕ ಮೇಲೆ ಕಾರಣ ಬೇಕಾಯಿತು. ಆಲಮಟ್ಟಿ ಆಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದಂದಿನಿಂದ ನಮ್ಮ ಭಾಗದ ಯಾವ ಮನೆಯ ಕಥೆಯೂ ಮುಳುಗಡೆಯನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಹಿನ್ನೀರು ಹಳೆಯ ಊರಿನ ಭಾಗಗಳನ್ನು ನುಂಗಿತು, ಸೆಕ್ಟರುಗಳಾಗಿ ಅಳೆದು ಹಂಚಿದ ನವನಗರ ಎದ್ದಿತು, ಪರಿಹಾರದ ಹಣ ಕೆಲವರ ಕೈಯಲ್ಲಿ ಹೊಲವಾಯಿತು, ಕೆಲವರ ಕೈಯಲ್ಲಿ ಬಂಗಾರವಾಯಿತು, ಹಲವರ ಕೈಯಲ್ಲಿ ಏನೂ ಆಗದೆ ಕರಗಿತು. ಪಾದರಸದ ಕೆಂಪು ಅದಿರಿನ ಹೆಸರು ಹೊತ್ತ ನನ್ನ ಖಳ ಇಂಗಳೀಕ ಆ ಮೂರನೆಯ ಗುಂಪಿನವನು. ಕೃಷ್ಣೆಯ ದಂಡೆಯ ಮೇಲಿನ, ಕೇವಲ ನನ್ನ ಕಲ್ಪನೆಯಲ್ಲಿರುವ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಅವನು ಕೆಮಿಸ್ಟನಾಗಿದ್ದ. ನೀರಿನಲ್ಲಿ ಹೋದ ತನ್ನ ಮನೆಯ ಬೆಲೆ ಊರಿನವರ ಕೊರಳಲ್ಲಿ ಹೊಳೆಯುತ್ತಿದೆ ಎಂಬುದು ಅವನ ತರ್ಕ. ತರ್ಕ ತಪ್ಪು, ಆದರೆ ನೋವು ಸುಳ್ಳಲ್ಲ. ಓದುಗ ಒಂದು ಗಳಿಗೆಯಾದರೂ ಅವನ ಕಡೆಗೆ ವಾಲದಿದ್ದರೆ ಅಂಥ ಖಳನಿಗೆ ಮುಖವಾಡ ತೊಡಿಸಿಯೂ ಉಪಯೋಗವಿಲ್ಲ.

ಅವನು ಯಾರಾಗಬಾರದು ಎಂಬುದನ್ನೂ ಯೋಚಿಸಬೇಕಾಯಿತು. ಗಡ್ಡ ಬಿಟ್ಟ ಹಕೀಮ, ಕಾವಿ ತೊಟ್ಟ ಕಪಟಿ, ಕುಲುಮೆಯ ಮುಂದೆ ಕುಳಿತ ದುರಾಸೆಯ ಪತ್ತಾರ, ಇವೆಲ್ಲ ಕೈಚಾಚಿದರೆ ಸಿಗುವ ಪಾತ್ರಗಳು. ಆದರೆ ಹತ್ತು ರೂಪಾಯಿಗೆ ಮಕ್ಕಳ ಕೈಗೆ ಹೋಗುವ ಪುಸ್ತಕದಲ್ಲಿ ಒಂದಿಡೀ ಸಮುದಾಯದ ಮೇಲೆ ಅನುಮಾನ ಬಿತ್ತುವ ಕೆಲಸ ನನಗೆ ಬೇಡವಾಗಿತ್ತು. ಆದ್ದರಿಂದ ಉಡುಪನ್ನು ಕಾರ್ಖಾನೆಯಿಂದಲೇ ತೆಗೆದುಕೊಂಡೆ: ಕಾಕಂಬಿಯ ಕಲೆ ಬಿದ್ದ ಖಾಕಿ ಅಂಗಿ, ಮೊಣಕಾಲಿನವರೆಗಿನ ರಬ್ಬರ್ ಬೂಟು, ಹೊಗೆ ತಡೆಯುವ ಮುಖವಾಡ, ಕೆಂಪು ಕೈಗವಸು.

ಪಾದರಸವನ್ನು ಕಾಗದದ ಮೇಲೆ ತರುವುದು ಪ್ರತ್ಯೇಕ ವಿದ್ಯೆ. ನೀರಿಗೆ ಬಳಸುವ ಅಲೆಯ ಗೆರೆಗಳನ್ನು ಅದಕ್ಕೆ ಬಳಸಿದರೆ ಓದುಗನಿಗೆ ನೀರೇ ಕಾಣುತ್ತದೆ. ಪಾದರಸ ಗಾಜಿನ ಅಂಚಿನಲ್ಲಿ ಮೇಲಕ್ಕೆ ಹತ್ತುವುದಿಲ್ಲ, ಒಳಕ್ಕೆ ಬಾಗುತ್ತದೆ. ಹರಡಿದರೂ ಅದರ ಅಂಚು ಉಬ್ಬಿ ಗುಂಡಗೇ ಇರುತ್ತದೆ. ನೆಲವನ್ನು ತೋಯಿಸದೆ ಉರುಳುತ್ತದೆ. ಇದಕ್ಕಾಗಿ ಹನಿಯ ಹೊರ ಅಂಚಿಗೆ ಕುಂಚದಿಂದ ದಪ್ಪ ಕಪ್ಪು ಪಟ್ಟಿ ಎಳೆದು, ಅದರೊಳಗೆ ಕಾಗದದ ಬಿಳುಪನ್ನು ಹಾಗೆಯೇ ಬಿಟ್ಟು, ನಡುವೆ ಕೋಣೆಯ ಕಿಟಕಿಯ ವಕ್ರ ಪ್ರತಿಬಿಂಬವನ್ನು ಸೂಜಿಮೊನೆಯ ಪೆನ್ನಿನಿಂದ ಬರೆದೆ. ಬೂದುಬಣ್ಣ ಎಲ್ಲಿಯೂ ಇರಬಾರದು. ಕಪ್ಪಿನಿಂದ ಬಿಳುಪಿಗೆ ಒಮ್ಮೆಲೇ ಜಿಗಿದರೆ ಮಾತ್ರ ಲೋಹದ ಹೊಳಪು ಬರುತ್ತದೆ.

ಹೊಳಪಿಗಿಂತ ಕಷ್ಟವಾದದ್ದು ಭಾರ. ಒಂದು ಲೀಟರ್ ಪಾದರಸ ಸುಮಾರು 13.5 ಕಿಲೋ ತೂಗುತ್ತದೆ, ಅಂದರೆ 12 ಲೀಟರಿನ ಕೊಡ ತುಂಬಿದರೆ ಅದು 160 ಕಿಲೋ ದಾಟುತ್ತದೆ. ಇಂಗಳೀಕನ ಆಳುಗಳು ಅಂಥ ಕೊಡವನ್ನು ಹೆಗಲ ಮೇಲೆ ಹೊತ್ತು ಓಡುವ ಚಿತ್ರ ಬರೆದರೆ ಅದು ಸುಳ್ಳೆಂದು ಕಣ್ಣಿಗೇ ತಿಳಿಯುತ್ತದೆ. ಇಬ್ಬರು ಬಿದಿರ ಗಳಕ್ಕೆ ಚಿಕ್ಕ ಕಬ್ಬಿಣದ ಡಬ್ಬಿಯೊಂದನ್ನು ತೂಗುಹಾಕಿಕೊಂಡು, ಗಳ ಬಾಗಿ, ಮೊಣಕಾಲು ಮಡಚಿ ನಡೆಯುವಂತೆ ಬರೆದ ಮೇಲೆ ಆ ಡಬ್ಬಿಯೊಳಗೆ ಏನೋ ಭಯಂಕರವಾದದ್ದಿದೆ ಎಂಬ ಭಾವ ತಾನಾಗಿ ಬಂತು. ಡಬ್ಬಿ ಕಬ್ಬಿಣದ್ದೇ ಆಗಿರುವುದಕ್ಕೂ ಕಾರಣವಿದೆ: ಪಾದರಸ ಬಂಗಾರ, ಬೆಳ್ಳಿ, ತವರ, ಅಲ್ಯುಮಿನಿಯಂಗಳ ಮೇಲೆರಗಿದರೂ ಕಬ್ಬಿಣದ ತಂಟೆಗೆ ಹೋಗುವುದಿಲ್ಲ. ನೀಲವ್ವ ಕಬ್ಬಿಣದ ಕೆಲಸದವಳಾದದ್ದು ಇದೇ ಕಾರಣಕ್ಕೆ. ಮತ್ತೆ, ಕಬ್ಬಿಣ ನೀರಿಗಿಂತ ಎಂಟು ಪಟ್ಟಿನಷ್ಟೂ ಭಾರವಿಲ್ಲದ್ದರಿಂದ ಪಾದರಸದ ಮೇಲೆ ತೇಲುತ್ತದೆ. 19 ಪಟ್ಟು ಭಾರದ ಬಂಗಾರ ಮುಳುಗುತ್ತದೆ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ತಲೆಯೆತ್ತುವ ಪಾಳುಗೋಡೆಗಳ ಕೆಳಗಿನ ನೆಲಮಾಳಿಗೆಯಲ್ಲಿ, ಪಾದರಸದ ಹೊಂಡದ ಮೇಲೆ ತೇಲುವ ಅಡಿಗಲ್ಲಿನ ಮೇಲೆ ಇಂಗಳೀಕ ಕುಳಿತಿರುತ್ತಾನೆ. ಈ ಅಡಿಗಲ್ಲು ಕಮ್ಮಾರರು ಕಬ್ಬಿಣ ಬಡಿಯುವ ದಪ್ಪ ಉಕ್ಕಿನ ತುಂಡು. ಇಡೀ ಪುಟಕ್ಕೆ ಒಂದೇ ಚಿತ್ರ ಬಿಟ್ಟುಕೊಟ್ಟದ್ದು ಇಲ್ಲಿ ಮಾತ್ರ.

ಬಣ್ಣದ ವಿಷಯದಲ್ಲಿ ನನ್ನ ಕಿಸೆಯೂ ಪಾದರಸದಿಂದ ಔಷಧ ಮಾಡುವ ರಸಶಾಸ್ತ್ರವೂ ಒಂದೇ ಮಾತು ಹೇಳಿದವು. ನಾಲ್ಕು ಬಣ್ಣದ ಆಫ್‌ಸೆಟ್ ಮುದ್ರಣಕ್ಕೆ ನಾಲ್ಕು ಪ್ಲೇಟು ಬೇಕು. ನನಗೆ ಎರಡಕ್ಕೆ ಮಾತ್ರ ಹಣವಿತ್ತು. ಪಾದರಸವನ್ನೂ ಗಂಧಕವನ್ನೂ ಖಲ್ವದಲ್ಲಿ ಹಾಕಿ ಅರೆಯುತ್ತ ಹೋದರೆ ಹೊಳಪೂ ಹಳದಿಯೂ ಎರಡೂ ಮಾಯವಾಗಿ ಕಾಡಿಗೆಯಂಥ ಕಪ್ಪು ಪುಡಿ ಉಳಿಯುತ್ತದೆ, ಅದು ಕಜ್ಜಲಿ. ಅದೇ ಕಜ್ಜಲಿಯನ್ನು ಮಣ್ಣುಬಟ್ಟೆ ಸುತ್ತಿದ ಗಾಜಿನ ಸೀಸೆಗೆ ತುಂಬಿ, ಮರಳು ತುಂಬಿದ ಪಾತ್ರೆಯಲ್ಲಿ ನಿಲ್ಲಿಸಿ ಕಾಯಿಸಿದರೆ ಸೀಸೆಯ ಕೊರಳಿನಲ್ಲಿ ಕೆಂಪಾದ ರಸಸಿಂಧೂರ ಕಟ್ಟಿಕೊಳ್ಳುತ್ತದೆ. ಕಪ್ಪಿನಲ್ಲಿಯೂ ಕೆಂಪಿನಲ್ಲಿಯೂ ಇರುವುದು ಅದೇ ಪಾದರಸ, ಅದೇ ಗಂಧಕ. ಹೀಗಾಗಿ ಕಪ್ಪು ಮತ್ತು ಕೆಂಪು, ಇವೆರಡೇ ಪ್ಲೇಟುಗಳು ಸಾಕಾದವು. ಕೆಂಪನ್ನು ಇಂಗಳೀಕನ ಕೈಗವಸಿಗೆ, ಅವನ ಕುಲುಮೆಗೆ, ಅವನು ಮುಟ್ಟಿದ ಬಾಗಿಲಿಗೆ ಮಾತ್ರ ಕೊಟ್ಟೆ. ನೀಲವ್ವನ ಗುಳೇದಗುಡ್ಡದ ಖಣದ ಕುಪ್ಪಸ ಕೂಡ ಕಪ್ಪು ಬಿಳುಪಿನಲ್ಲಿಯೇ ಉಳಿಯಿತು. ಖಣ ನೇಯುವವರು ನೋಡಿದರೆ ಬೈಯಬಹುದು.

ಅವನ ಮಾತಿಗೆ ಮಾದರಿ ಬನಶಂಕರಿ ಜಾತ್ರೆಯ ಕಂಪನಿ ನಾಟಕಗಳಲ್ಲಿ ಸಿಕ್ಕಿತು. ಅಲ್ಲಿನ ನುರಿತ ಖಳ ನಟರು ಎಲ್ಲರೂ ಕೂಗುವ ಹೊತ್ತಿನಲ್ಲಿ ದನಿ ತಗ್ಗಿಸುತ್ತಾರೆ. ನೀಲವ್ವ "ಏನ್ ಮಾಡಾಕತ್ತಿ ಸಾಹೇಬ, ಮಂದಿ ಬಂಗಾರ ನಿನಗ್ಯಾಕ ಬೇಕ?" ಎಂದು ನಮ್ಮ ಊರಿನ ಮಾತಿನಲ್ಲಿ ಕೇಳಿದರೆ ಇಂಗಳೀಕ "ತಾವು ದಯವಿಟ್ಟು ಕುಳಿತುಕೊಳ್ಳಬೇಕು, ಕಾಯಿಸುವ ಕೆಲಸ ಇನ್ನೂ ಮುಗಿದಿಲ್ಲ" ಎನ್ನುತ್ತಾನೆ. ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕಾದ್ದರಿಂದ ಕನ್ನಡದ ಬಲೂನುಗಳನ್ನು ಎತ್ತರಕ್ಕೆ ಬರೆಯಬೇಕಾಗುತ್ತದೆ. ಅವನ ಅಕ್ಷರಗಳನ್ನು ಮೊದಲಲ್ಲಿ ಅಚ್ಚಿನಂತೆ ನೇರವಾಗಿ ಬರೆದು, ಕಥೆ ಸಾಗಿದಂತೆ ಅಲುಗುವಂತೆ ಮಾಡುತ್ತ ಹೋದೆ. ಪಾದರಸ 357 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದಾದರೂ ಸಾಮಾನ್ಯ ಕೋಣೆಯಲ್ಲಿಯೂ ಅದರ ಆವಿ ಏಳುತ್ತಲೇ ಇರುತ್ತದೆ, ಮತ್ತು ಆ ಆವಿ ಮೊದಲು ಹಿಡಿಯುವುದು ನರಗಳನ್ನು. ಯುರೋಪಿನಲ್ಲಿ ಪಾದರಸದ ಲವಣ ಬಳಸಿ ಟೋಪಿ ಮಾಡುತ್ತಿದ್ದವರ ಕೈನಡುಕ, ಸಿಡುಕು, ಭ್ರಮೆಗಳು ಪ್ರಸಿದ್ಧವಾಗಿದ್ದವು. ಇಂಗಳೀಕ ಕದ್ದ ಪ್ರತಿ ತೊಲೆ ಬಂಗಾರಕ್ಕೂ ಇದೇ ಬೆಲೆ ತೆರುತ್ತಾನೆ. ನಡುವೆ ಒಮ್ಮೆ ಚಹಾದ ಬಸಿಯನ್ನು ಹಿಡಿಯಲಾರದೆ ಕೆಳಗಿಡುತ್ತಾನೆ. ಮಕ್ಕಳು ಓದುತ್ತಾರೆಂಬ ಕಾರಣಕ್ಕೆ ಬಂಗಾರ ಬೇರ್ಪಡಿಸುವ ಕ್ರಮವನ್ನು ಹಂತಹಂತವಾಗಿ ತೋರಿಸದೆ ಅದರ ಪರಿಣಾಮವನ್ನೇ ದೊಡ್ಡದಾಗಿ ತೋರಿಸಿದೆ.

ಇಷ್ಟಾದರೂ ಅವನು ನಿಲ್ಲುವುದಿಲ್ಲ, ಏಕೆಂದರೆ ಸಿದ್ಧರಸದಿಂದ, ಅಂದರೆ ಸಂಸ್ಕರಿಸಿದ ಪಾದರಸದಿಂದ, ದೇಹವನ್ನೇ ವಜ್ರವಾಗಿಸಿಕೊಳ್ಳಬಹುದೆಂದು ನಂಬಿದ್ದಾನೆ. ಅಲ್ಲಮ ಮತ್ತು ಗೋರಕ್ಷರ ಪ್ರಸಂಗ ಗೊತ್ತಿರುವವರಿಗೆ ಈ ಹಂಬಲ ಹೊಸದಲ್ಲ. ವಜ್ರದೇಹ ಸಾಧಿಸಿದ್ದ ಸಿದ್ಧ ಗೋರಕ್ಷನ ಮೈಗೆ ಬಿದ್ದ ಕತ್ತಿ ಖಣಿಲೆಂದು ಸದ್ದು ಮಾಡಿತು, ಅಲ್ಲಮನ ಮೈಯಲ್ಲಿ ಗಾಳಿಯಲ್ಲಿ ಬೀಸಿದಂತೆ ಹಾದುಹೋಯಿತು. ರಸಸಿದ್ಧನ ಸೋಲನ್ನು ಇಷ್ಟು ಚೊಕ್ಕವಾಗಿ ಹೇಳಿದ ಕಥೆ ಬೇರೆಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೆ ನೀಲವ್ವ ಅಲ್ಲಮನಲ್ಲ, ಅವಳಿಗೆ ಕೈಯಲ್ಲಿ ಹಿಡಿಯುವಂಥದು ಏನಾದರೂ ಬೇಕಿತ್ತು.

ಅದು ಸಕ್ಕರೆ ಕಾರ್ಖಾನೆಯಲ್ಲಿಯೇ ಇತ್ತು. ಕಬ್ಬಿನ ರಸವನ್ನು ಬಿಳುಪಾಗಿಸಲು ಗಂಧಕ ಸುಟ್ಟು ಅದರ ಹೊಗೆಯನ್ನು ಸುಣ್ಣ ಬೆರೆಸಿದ ರಸದೊಳಗೆ ಹಾಯಿಸುವುದು ನಮ್ಮ ಭಾಗದ ಕಾರ್ಖಾನೆಗಳ ವಾಡಿಕೆ. ಆ ಗಂಧಕದ ಕುಲುಮೆಗೆ ವೆಲ್ಡಿಂಗ್ ಮಾಡಲು ಹೋಗಿದ್ದ ನೀಲವ್ವನಿಗೆ ಚೀಲಗಳು ಎಲ್ಲಿವೆ ಎಂಬುದು ಗೊತ್ತು. ಹೋಳಿಯಲ್ಲಿ ಬಾಗಲಕೋಟೆಯ ಬೀದಿಗಳಲ್ಲಿ ಹಲಗೆಯ ಬಡಿತದ ನಡುವೆ ಬಣ್ಣದ ಬ್ಯಾರೆಲ್ ತುಂಬಿದ ಬಂಡಿಗಳು ಸಾಗುತ್ತವೆ. ಇಡೀ ಊರು ಮನೆಗೆ ಬೀಗ ಹಾಕಿ ಬೀದಿಗಿಳಿದಿರುವ ಆ ಹೊತ್ತಿನಲ್ಲಿ ಇಂಗಳೀಕ ಪಾದರಸವನ್ನು ಬಿಡುತ್ತಾನೆ, ನೀಲವ್ವ ಬಂಡಿಗಳಿಂದ ಗಂಧಕದ ಪುಡಿ ಎರಚಿಸುತ್ತಾಳೆ, ಬಿಳಿಯ ಪ್ರವಾಹ ತಲೆಯಿಂದ ಬಾಲದವರೆಗೆ ಕಪ್ಪಾಗುತ್ತ ಕುಸಿಯುತ್ತದೆ. ನಿಜದಲ್ಲಿ ಈ ಕೂಟಕ್ಕೆ ಗಂಟೆಗಟ್ಟಲೆ ಅರೆಯಬೇಕು. ನಾನು ಆ ಕೆಲಸವನ್ನು ಬೀದಿಯಲ್ಲಿ ಕುಣಿಯುವ ಸಾವಿರಾರು ಕಾಲುಗಳಿಗೆ ವಹಿಸಿದೆ. ವಸ್ತುವಿನ ಗುಣವನ್ನು ಬದಲಿಸದೆ ಅದರ ವೇಗವನ್ನು ಮಾತ್ರ ಹೆಚ್ಚಿಸುವ ಸ್ವಾತಂತ್ರ್ಯ ಕಾಮಿಕ್ಸ್‌ಗೆ ಇರಬೇಕೆಂಬುದು ನನ್ನ ಅಭಿಪ್ರಾಯ.

ಇಂಗಳೀಕನನ್ನು ನಾನು ಕೊಲ್ಲಲಿಲ್ಲ. ಅವನು ನಡುಗುವ ಕೈಗಳೊಂದಿಗೆ ಪೊಲೀಸ್ ಕಾವಲಿನ ವಾರ್ಡಿನಲ್ಲಿದ್ದಾನೆ. ಪುಸ್ತಕ ಮಾರುತ್ತ ಬನಶಂಕರಿ ಜಾತ್ರೆಯಲ್ಲಿ ಕುಳಿತಿದ್ದಾಗ ಹುಡುಗನೊಬ್ಬ ನಿಂತಲ್ಲೇ ಓದಿ ಮುಗಿಸಿ, "ಅಣ್ಣಾರ, ಎಲ್ಲಾ ಕರಿ ಆತಲ್ರಿ, ಹಂಗಾರ ಮಂದಿ ಬಂಗಾರ ಎಲ್ಲಿ ಹೋತ್ರಿ?" ಎಂದು ಕೇಳಿದ. ಅದು ಆ ಕಪ್ಪು ಮುದ್ದೆಯೊಳಗೇ ಇದೆ, ಕಾಯಿಸಿದರೆ ಬರುತ್ತದೆ. ಆದರೆ ಒಮ್ಮೆ ಕರಗಿ ಒಂದಾದ ಬಂಗಾರದಲ್ಲಿ ಯಾರ ಬೋರಮಾಳ ಎಷ್ಟು, ಯಾರ ಪಾಟಲಿ ಎಷ್ಟು ಎಂದು ಗುರುತಿಸಲಾಗದು. ಎರಡನೆಯ ಭಾಗದಲ್ಲಿ ಊರವರು ತಮ್ಮ ತಮ್ಮ ಲೆಕ್ಕ ಬರೆಸಲು ನೀಲವ್ವನ ಅಂಗಡಿಯ ಮುಂದೆ ಸಾಲು ನಿಲ್ಲುತ್ತಾರೆ, ಮತ್ತು ಬರೆಸಿದ ತೂಕದ ಮೊತ್ತ ಇರುವ ಬಂಗಾರದ ಎರಡು ಪಟ್ಟಾಗುತ್ತದೆ.